ಬರಿಗಾಲ ಹರಕೆ

ನಮ್ಮ ಮಾವ ಪಾಲಣ್ಣನ ಕಾಲು ಹೋದದ್ದು ಸಕ್ಕರೆ ಕಾಯಿಲೆಯಿಂದಲ್ಲ, ಹರಕೆಯಿಂದ. ಕೂಡ್ಲಿಗಿಯಲ್ಲಿ ಯಾರು ಕೇಳಿದರೂ ನಾನು ಹೀಗೇ ಹೇಳುತ್ತೇನೆ. ಸೊಸೆಗೆ ಬಾಯಿ ಜೋರು ಅನ್ನುವವರು ಅನ್ನಲಿ.

ಮಾವ, ಅತ್ತೆ ದ್ಯಾಮಕ್ಕ, ಇಬ್ಬರಿಗೂ ಸಕ್ಕರೆ ಕಾಯಿಲೆ. ಮಾವನದು ಜಾಸ್ತಿ, ಅಂಗಾಲು ಜೋಮು ಹಿಡಿದು ಮುಳ್ಳು ಮುರಿದರೂ ತಿಳಿಯುತ್ತಿರಲಿಲ್ಲ. ಹೀಗೇ ಬಿಟ್ಟರೆ ಕಾಲಿಗೆ ಕುತ್ತು ಎಂದು ಡಾಕ್ಟರು ಹೇಳಿದ ಮೇಲೆ ಮನೆಮಂದಿಯೆಲ್ಲ ಟೊಂಕ ಕಟ್ಟಿ ನಿಂತೆವು. ನನ್ನ ಗಂಡ ಹುಲುಗೇಶ ದಿನಾ ಇನ್ಸುಲಿನ್ ಚುಚ್ಚುತ್ತಿದ್ದ. ಒಬ್ಬನಿಗೇ ಪಥ್ಯವೆಂದರೆ ಮಾವನಿಗೆ ತುತ್ತು ಇಳಿಯುವುದಿಲ್ಲವೆಂದು ಎಲ್ಲರೂ ಅನ್ನ ಬಿಟ್ಟು ರೊಟ್ಟಿ, ಸೊಪ್ಪು ಉಂಡೆವು. ಸಂಜೆ ಮಾವನ ಅಂಗಾಲನ್ನು ಬೆಳಕಿಗೆ ಹಿಡಿದು ನೋಡುವುದು ನನ್ನ ಕೆಲಸ.

"ಎತ್ತಿನ ಲಾಳ ನೋಡ್ದಂಗ ನೋಡ್ತೀಯಲ್ಲಬೇ ಗೀತಮ್ಮ" ಎಂದು ನಗುತ್ತಿದ್ದ.

ಬೇಸಿಗೆಯ ಹೊತ್ತಿಗೆ ಸಕ್ಕರೆ ಹದಕ್ಕೆ ಬಂತು. ಡಾಕ್ಟರೇ ಭೇಷ್ ಅಂದರು. ಮನೆಗೆ ಬಂದದ್ದೇ ತಡ, ಅತ್ತೆ ಬಾಯಿ ಬಿಟ್ಟಳು.

"ಸಕ್ರಿ ಇಳಿದ್ರ ಈತನ್ನ ಬರಿಗಾಲಿಲಿ ಕೊಟ್ಟೂರಿಗೆ ನಡಸ್ಕಂಡು ಬರ್ತೀನಿ ಅಂತ ಬೇಡ್ಕಂಡಿದ್ದೆ. ಅಲ್ಲಿ ಬಸಪ್ಪಸ್ವಾಮಿ ನಡಸ್ಕೊಟ್ಟ."

"ಇಳಿಸಿದ್ದು ಇನ್ಸುಲಿನ್ನು, ಅತ್ತಿ. ರಸ್ತಿ ಕಾದ ಹಂಚಾಗೈತಿ. ಚಪ್ಪಲಿ ಹಾಕ್ಕಂಡರ ಹೋಗ್ಲಿ."

"ದೇವ್ರ ಕೂಡ ಚೌಕಾಸಿ ಮಾಡ್ತೀಯೇನ?"

ಹುಲುಗೇಶ ಒಂದು ದಿನದ ಮಾತಲ್ಲವೇ ಎಂದು ಸುಮ್ಮನಾದ. ಮಾವನಂತೂ ಮದುವೆಗೆ ಹೊರಟವನ ಹಾಗೆ ಎದ್ದ. ತಡೆಯಲಾಗದೆ ನಾನೂ ಚೀಲದಲ್ಲಿ ಚಪ್ಪಲಿ ಇಟ್ಟುಕೊಂಡು ಜೊತೆಗೆ ನಡೆದೆ. ಬಿಸಿಲೇರಿ ಡಾಂಬರು ಮೆತ್ತಗಾದಾಗ ಬೈದು ಬೈದು ಮೆಟ್ಟಿಸಿದೆ. ಅತ್ತೆ ಮುಖ ತಿರುಗಿಸಿದಳು. ಸ್ವಲ್ಪ ದೂರ ಹೋಗಿ ಮಾವ ಅವನ್ನು ಬಿಚ್ಚಿ ನನ್ನ ಕೈಗೇ ಕೊಟ್ಟ.

"ಚೂರೂ ಉರಿ ಇಲ್ಲ ನೋಡವ್ವ. ಸ್ವಾಮಿ ಹೂವಿನ ಮ್ಯಾಲ ನಡಸಾಕ ಹತ್ಯಾನ" ಎಂದ. ಅತ್ತೆ ಅಲ್ಲೇ ನಿಂತು ಕೈ ಮುಗಿದಳು.

ಕೊಟ್ಟೂರಿನಲ್ಲಿ ಕಾಲು ತೊಳೆಯಲು ಕೂತಾಗ ನೋಡಿದೆ. ಎರಡೂ ಅಂಗಾಲಿನ ತೊಗಲು ಸುಲಿದು ಜೋತಾಡುತ್ತಿತ್ತು. ಮಾವ ಮಾತ್ರ ಪ್ರಸಾದ ಎಲ್ಲಿ ಅಂತ ಕೇಳುತ್ತಿದ್ದ.

ಎಡಗಾಲಿನ ಗಾಯ ಮಾಯಲಿಲ್ಲ, ಕೊಳೆಯಿತು. ದೊಡ್ಡ ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ಕಾಲನ್ನೇ ತೆಗೆದರು. ಮನೆಗೆ ಕರೆತಂದ ದಿನ ಅತ್ತೆ ನನ್ನ ಮೇಲೆ ತಿರುಗಿಬಿದ್ದಳು.

"ನಡುದಾರ್ಯಾಗ ನೀ ಚಪ್ಪಲಿ ಮೆಟ್ಟಿಸ್ದಿ. ಹರಕಿ ಮುರೀತು. ಅದಕ್ಕ ಕಾಲು ಹೋತು."

ಮೈಯೆಲ್ಲ ಹೊತ್ತಿಕೊಂಡಿತು. ಬೈಯಬೇಕೆಂದು ಬಾಯಿ ತೆರೆದರೆ ಅಳು ಬಂತು. ಅವಳಾದರೂ ಗಂಡನಿಗಾಗಿ ವರ್ಷವಿಡೀ ಬಾಯಿ ಕಟ್ಟಿದವಳು, ಅವಳಿಗೆ ಏನಂತ ಬೈಯಲಿ? ಮಾವ ಗೋಡೆ ಕಡೆ ಹೊರಳಿದ. ಅಲ್ಲ ಅಂತ ಒಂದು ಮಾತು ಆಡಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಈಗ ಬಲಗಾಲಿನ ಹೆಬ್ಬೆರಳೂ ಕಪ್ಪಾಗುತ್ತಿದೆ. ಅತ್ತೆ ಮತ್ತೆ ಬೇಡಿಕೊಂಡಿದ್ದಾಳೆ. ಸೋಮವಾರ ತಾನೇ ನಡೆಯುತ್ತಾಳಂತೆ, ಈ ಸಲ ಪೂರ್ತಿ ಬರಿಗಾಲಲ್ಲಿ, ನನ್ನನ್ನು ಬಿಟ್ಟು. ಹುಲುಗೇಶ ಹೇಳಿ ಸೋತ, ನಾನು ಕಾಲು ಹಿಡಿದು ಸೋತೆ. ಹಾಗೆ ಕಾಲು ಹಿಡಿದಾಗಲೇ ಅವಳ ಅಂಗಾಲಿನ ಮೇಲೆ ಉಗುರೂರಿ ಗೀರಿದೆ, ರಕ್ತ ಜಿನುಗುವ ಹಾಗೆ.

"ಗೊತ್ತಾತೇನ್ರಿ, ಅತ್ತಿ?"

"ಏನು?" ಎಂದಳು.