ಕತ್ತಲಮ್ಮನ ಮನೆ, ಒಳಗಿನಿಂದ ಹೊರಕ್ಕೆ

ಆ ಲೇಖಕಿಯ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಓದುವ ಹೆಂಗಸರೆಲ್ಲ ಸೇರಿ ಅವಳಿಗೆ ಕತ್ತಲಮ್ಮ ಎಂದು ಹೆಸರಿಟ್ಟಿದ್ದರು. ಇಟ್ಟರೆ ತಪ್ಪೇನು? ಐದು ಕಾದಂಬರಿ ಬರೆದಿದ್ದಾಳೆ, ಐದರಲ್ಲೂ ಒಂದು ಕಡೆಯೂ ನೆಟ್ಟಗೆ ದೀಪ ಹಾಕಿದ ಪುಣ್ಯಾತ್ಗಿತ್ತಿಯಲ್ಲ. ಪ್ರತಿ ಪುಸ್ತಕಕ್ಕೂ ಹುಡುಗಿಗೂ ಗಂಡಸಿಗೂ ಹೊಸ ಹೆಸರು, ಮನೆ ಮಾತ್ರ ಅದೇ, ಒಂದು ಪುಸ್ತಕ ನಿಂತ ಬಾಗಿಲಿಂದಲೇ ಮುಂದಿನದು ಶುರು. ಗಂಡಸು ಹುಬ್ಬು ಗಂಟಿಕ್ಕಿ ಬಾಗಿಲಿಗೆ ಒರಗಿ ನಿಂತು "ನೀನು ನನ್ನವಳು" ಅನ್ನುತ್ತಾನೆ. ಹುಡುಗಿ ಮೊದಲು ಸಿಡಿಮಿಡಿಗುಟ್ಟುತ್ತಾಳೆ, ಆಮೇಲೆ ಕರಗುತ್ತಾಳೆ, ಕಡೆಗೆ ತಾನೇ ಬಾಗಿಲು ಹಾಕಿಕೊಳ್ಳುತ್ತಾಳೆ. ಓದುವವರ ಎದೆ ಡವಡವ.

ಪರದೆ ಹೊಲಿಯುವ ಅಕ್ಕನಿಗೆ ಐದೂ ಪುಸ್ತಕ ಬಾಯಿಪಾಠ. ಆದರೆ ಕಸುಬಿನ ಚಾಳಿ ಎಲ್ಲಿ ಬಿಡುತ್ತದೆ? ಊರವರ ಕಿಟಕಿಗಳ ಅಳತೆ ತೆಗೆದು ತೆಗೆದು, ಪುಸ್ತಕದಲ್ಲಿ ಕಿಟಕಿ ಬಂದರೂ ಅವಳ ಮನಸ್ಸು ಟೇಪು ಬಿಚ್ಚುತ್ತಿತ್ತು. ಅಲ್ಲಿ ನಾಯಕ ಕಿಟಕಿಯ ಪಕ್ಕ ನಾಯಕಿಯ ಗಲ್ಲ ಎತ್ತಿ ಹಿಡಿದಿದ್ದರೆ, ಇಲ್ಲಿ ಇವಳು ಆ ಕಿಟಕಿಗೆ ಎಷ್ಟು ನೆರಿಗೆ ಬೇಕು, ಒಳಬದಿಯ ಅಸ್ತರಿಗೆ ಯಾವ ಬಟ್ಟೆ ಎಂದು ಲೆಕ್ಕ ಹಾಕುವವಳು. ಹಾಗಾಗಿ ಆ ಮನೆಯ ಒಳಹೊರಗು ಅವಳಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಮೊದಲ ಪುಸ್ತಕ ನಡೆಯುವುದು ಗೇಟಿನ ಹತ್ತಿರ. ಎರಡನೆಯದು ಹಜಾರದಲ್ಲಿ, ಮೂರನೆಯದು ಮೆಟ್ಟಿಲ ಮೇಲೆ, ನಾಲ್ಕನೆಯದು ಮಹಡಿಯ ಕೋಣೆಯಲ್ಲಿ. ಐದನೆಯದು ಆ ಕೋಣೆಯ ಒಳಗಿನ ಇನ್ನೊಂದು ಕೋಣೆಯಲ್ಲಿ, ಅದಕ್ಕೆ ಕಿಟಕಿಯೇ ಇಲ್ಲ. ಕಿಟಕಿ ಇಲ್ಲದ ಕೋಣೆ ಕಂಡರೆ ಅಕ್ಕನಿಗೆ ಮೊದಲಿಂದಲೂ ಅಷ್ಟಕ್ಕಷ್ಟೇ.

ತಂಗಿ ಅಕ್ಕನ ಹೊಲಿಗೆ ಅಂಗಡಿಯಲ್ಲೇ ಪರದೆಗಳ ತಲೆಗೆ ಸರಳು ತೂರಿಸುವ ಉಂಗುರ ಒತ್ತುತ್ತಿದ್ದಳು. ತಾಯಿ ಹೋದ ಮೇಲೆ ಅಕ್ಕನೇ ಬೆಳೆಸಿದ ಹುಡುಗಿ. ಬೇಡ ಅಂದದ್ದನ್ನು ಮಾಡದೆ ಬಿಟ್ಟವಳಲ್ಲ. ತಲೆಗೂದಲು ಕತ್ತರಿಸಬೇಡ ಅಂದದ್ದಕ್ಕೆ ಕತ್ತರಿಸಿಕೊಂಡು ಬಂದು, ಆಮೇಲೆ ಕನ್ನಡಿಯ ಮುಂದೆ ಅತ್ತವಳು. ಈಗ ಅವಳಿಗೆ ಗಡಿಯಾರದ ಅಂಗಡಿಯವನ ಜೊತೆ ಮದುವೆಯ ಮಾತಾಗಿತ್ತು. ನೋಡಲು ಲಕ್ಷಣವಾಗಿದ್ದ, ಮಾತು ಮೃದು. ಮೊದಲ ದಿನ ಅವನನ್ನು ಕಂಡು "ನಮ್ಮ ಕತ್ತಲಮ್ಮನ ಹೀರೋ ಎದ್ದು ಬಂದ ಹಾಗಿದಾನೆ ಕಣೆ" ಎಂದು ತಂಗಿಯ ತೋಳು ಚಿವುಟಿದವಳು ಅಕ್ಕನೇ.

ಅವನು ತಂಗಿಗೆ ಕೈಗಡಿಯಾರ ಕೊಟ್ಟ. ದಿನಕ್ಕೆ ಹತ್ತಾರು ಸಲ ಫೋನು ಮಾಡಿ "ಎಲ್ಲಿದೀಯ?" ಎಂದು ಕೇಳತೊಡಗಿದ. ಮದುವೆಯಾದ ಮೇಲೆ ಕೆಲಸ ಬೇಡ, ನಿನ್ನ ಕೈ ನೋಯುವುದು ನನಗೆ ಇಷ್ಟವಿಲ್ಲ ಅಂದ. ತಾನು ಕಟ್ಟಿಸಿದ ಮನೆಗೆ ಪರದೆಯನ್ನು ಇವರಲ್ಲೇ ಹೊಲಿಸುತ್ತೇನೆ, ಆದರೆ ದಪ್ಪಗಿರಬೇಕು, ಎರಡು ಅಸ್ತರು, ಒಳಗಿದ್ದವರು ಹೊರಗಿನವರ ಕಣ್ಣಿಗೆ ಬೀಳಬಾರದು ಅಂದ. ತಂಗಿ ಇದನ್ನೆಲ್ಲ ಬೆಲ್ಲದ ತುಂಡಿನ ಹಾಗೆ ಚೀಪುತ್ತ ಅಕ್ಕನಿಗೆ ಹೇಳುತ್ತಿದ್ದಳು. ಕೇಳುತ್ತ ಅಕ್ಕ ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಬೇಡ ಕಣೆ ಎಂದು ಬಾಯಿ ಬಿಟ್ಟರೆ ನಾಳೆಯೇ ಗಂಟುಮೂಟೆ ಕಟ್ಟುವ ಜಾತಿ ಇದು. ಬಾಯಿ ಬಿಡದಿದ್ದರೆ ಹುಡುಗಿ ಕೈತಪ್ಪಿ ಹೋಗುತ್ತಾಳೆ.

"ಅಕ್ಕ, ಕತ್ತಲಮ್ಮನ ಪುಸ್ತಕ ನಂಗೂ ಕೊಡು," ಎಂದು ಒಂದು ಮಧ್ಯಾಹ್ನ ತಂಗಿಯೇ ಕೇಳಿದಳು. "ಇವರು ನಿಜವಾಗ್ಲೂ ನೀನಂದ ಹೀರೋ ಹಾಗೇ ಇದಾರಾ ಅಂತ ನೋಡ್ಬೇಕು. ಯಾವುದು ಮೊದಲು?"

ಅಕ್ಕ ಮೆಷಿನ್ನು ನಿಲ್ಲಿಸಿದಳು. ಬರೆದ ಕ್ರಮದಲ್ಲಿ ಓದಿದರೆ ಒಂದೊಂದೇ ಬಾಗಿಲು ದಾಟಿಸಿಕೊಂಡು, ತಲೆ ನೇವರಿಸಿಕೊಂಡು ಒಳಗೆ ಕರೆದೊಯ್ಯುತ್ತಾಳೆ ಕತ್ತಲಮ್ಮ. ಐದನೆಯದಕ್ಕೆ ಬರುವ ಹೊತ್ತಿಗೆ ಕಿಟಕಿಯಿಲ್ಲದ ಕೋಣೆಯೂ ನಮ್ಮದೇ ಹಾಸಿಗೆಯಷ್ಟು ಹಿತವಾಗಿರುತ್ತದೆ. ಅಕ್ಕನಿಗೇ ಹಾಗಾಗಿತ್ತಲ್ಲ!

"ಐದನೇದು ಮೊದಲು," ಅಂದಳು. "ಅಲ್ಲಿಂದ ಹಿಂದಕ್ಕೆ ಬಾ."

"ಹಿಂದಿನಿಂದ ಯಾರಾದ್ರೂ ಓದ್ತಾರಾ? ತಲೆ ಕೆಟ್ಟಿದೆಯಾ ನಿಂಗೆ?"

"ಹಾಗಾದ್ರೆ ಬಿಡು, ನಿನ್ನ ಕೈಲಿ ಆಗಲ್ಲ."

ಅಷ್ಟು ಸಾಕಾಯಿತು. ತಂಗಿ ಐದನೆಯದನ್ನು ಕಿತ್ತುಕೊಂಡು, ಕತ್ತರಿಸುವ ಮೇಜಿನ ಕೆಳಗೆ ಬಟ್ಟೆಯ ರಾಶಿಯಲ್ಲಿ ಹುದುಗಿಕೊಂಡಳು.

ಆಮೇಲಿನ ದಿನಗಳು ಅರೆನಿದ್ದೆಯಲ್ಲಿ ಕಳೆದ ಹಾಗೆ ಕಳೆದವು. ಮಧ್ಯಾಹ್ನದ ಬಿಸಿಲು ತೂಗುಹಾಕಿದ ಪರದೆಗಳ ಮೂಲಕ ಇಳಿದು, ಅಂಗಡಿಯೆಲ್ಲ ಒಂದು ಸಲ ಜೇನಿನ ಬಣ್ಣ, ಒಂದು ಸಲ ನೀಲಿ. ಪರದೆಯ ಆಚೆ ಗೋಡೆ ಇದೆಯೋ ಮತ್ತೊಂದು ಕೋಣೆ ಇದೆಯೋ ತಿಳಿಯುತ್ತಿರಲಿಲ್ಲ. ಅಕ್ಕನ ಕಾಲು ಪೆಡಲಿನ ಮೇಲೆ ಆಡುತ್ತಿದ್ದರೂ ಮನಸ್ಸು ಆ ಮನೆಯ ಹಜಾರದಲ್ಲಿ ಬರಿಗಾಲಲ್ಲಿ ಓಡಾಡುತ್ತಿತ್ತು. ಹೊಲಿದದ್ದು ಅಂಗಡಿಯ ಬಟ್ಟೆಯನ್ನೋ ಪುಸ್ತಕದ ಬಟ್ಟೆಯನ್ನೋ ಎಂದು ಅವಳಿಗೇ ಅನುಮಾನ ಬರುತ್ತಿತ್ತು.

"ಇವಳು ಯಾಕೆ ಇಲ್ಲಿದಾಳೆ? ಯಾವ ದಾರೀಲಿ ಬಂದ್ಲು?" ಎಂದು ಮೇಜಿನ ಕೆಳಗಿನಿಂದ ಸಿಟ್ಟಿನ ದನಿ ಬಂತು.

"ಅದರ ಹಿಂದಿನದು ಓದು."

ನಾಲ್ಕನೆಯದು ಮುಗಿದಾಗ ತಂಗಿ ಸಿಟ್ಟಾಗಲಿಲ್ಲ. "ಅವಳಿಗೆ ಏನು ಇಷ್ಟ ಅಂತ ಅವನೇ ಹೇಳ್ತಾನೆ. ಅವಳು ಒಂದ್ಸಲಾನೂ ಹೇಳಲ್ಲ," ಎಂದಷ್ಟೇ ಅಂದಳು.

ಮೂರನೆಯದು ಓದುತ್ತಿದ್ದಾಗ ಫೋನು ಬಂತು. ತಂಗಿಯ ಕಣ್ಣು ಪುಟದ ಮೇಲೆ, ಜೀವ ಆ ಮನೆಯಲ್ಲಿ. "ಎಲ್ಲಿದೀಯ?" ಎಂದು ಅವನು ಕೇಳಿದ್ದಕ್ಕೆ, "ಮೆಟ್ಟಿಲ ಮೇಲೆ," ಅಂದುಬಿಟ್ಟಳು.

ಅಂಗಡಿಗೆ ಮೆಟ್ಟಿಲಿಲ್ಲ. ಅಕ್ಕ ತಂಗಿಯರ ಮನೆಗೂ ಇಲ್ಲ. ಯಾವ ಮೆಟ್ಟಿಲು, ಯಾರ ಮನೆ ಮೆಟ್ಟಿಲು, ಜೊತೆಗೆ ಯಾರಿದಾರೆ ಎಂದು ಅವನು ಮೃದುವಾಗೇ ಕೇಳಿದ. ತಂಗಿ ನಗುತ್ತಾ ಪುಸ್ತಕದ ಕಥೆ ಹೇಳಿದಳು. ಚಹಾ ಆರುವುದರೊಳಗೆ ಅವನು ಅಂಗಡಿಯ ಬಾಗಿಲಲ್ಲಿದ್ದ. "ಸುಮ್ನೆ ಬಂದೆ" ಅನ್ನುತ್ತ ಪರದೆಗಳನ್ನು ಒಂದೊಂದಾಗಿ ಸರಿಸಿ ಹಿಂದೆ ನೋಡಿದ, ಹಿತ್ತಲ ಬಾಗಿಲು ತೆಗೆದು ನೋಡಿದ, ಮೆಟ್ಟಿಲು ಸಿಗದೆ ಹೊರಟುಹೋದ. ಅವನ ಬೆನ್ನು ಮರೆಯಾದ ಕೂಡಲೇ ಅಕ್ಕ ತಂಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತಲೇ ತಂಗಿಯ ಕಣ್ಣು ಅವನು ಸರಿಸಿಹೋದ ಪರದೆಗಳ ಮೇಲೆ ನಿಂತಿತು. ಅಕ್ಕ ದಾರ ಕಚ್ಚಿ ಹರಿದಳು.

ಎರಡನೆಯದೂ ಮುಗಿಯಿತು. ಉಳಿದದ್ದು ಗೇಟಿನ ಪುಸ್ತಕ. ಅದರ ಮೊದಲ ಪುಟದಲ್ಲಿ ಹುಡುಗಿ ಟ್ಯಾಕ್ಸಿಯಿಂದ ಇಳಿದು ಗೇಟಿನ ಮುಂದೆ ನಿಲ್ಲುತ್ತಾಳೆ. ಡ್ರೈವರು ಕತ್ತು ಹೊರಗೆ ಹಾಕಿ "ಕಾಯ್ಲಾ, ಹೋಗ್ಲಾ?" ಅನ್ನುತ್ತಾನೆ. ಹುಡುಗಿ "ಹೋಗಿ" ಅನ್ನುತ್ತಾಳೆ. ಮೊದಲು ಓದಿದವರು ಯಾರೂ ಆ ಸಾಲನ್ನು ಗಮನಿಸಿದ್ದಿಲ್ಲ, ಅಕ್ಕನೂ ಗಮನಿಸಿರಲಿಲ್ಲ. ತಂಗಿ ಅದನ್ನು ಜೋರಾಗಿ ಓದಿದಳು. ಓದಿ, ಪುಸ್ತಕವನ್ನು ಎದೆಯ ಮೇಲೆ ಕವುಚಿಕೊಂಡು, ಸಂಜೆಯಾಗುವವರೆಗೆ ಮೇಲೆ ತೂಗುತ್ತಿದ್ದ ನೀಲಿ ಪರದೆಯನ್ನು ನೋಡುತ್ತ ಮಲಗಿದ್ದಳು.

ಮರುದಿನ ಬೆಳಿಗ್ಗೆ ಗಡಿಯಾರದವನ ಹೊಸ ಮನೆಗೆ ಅಳತೆ ತೆಗೆಯಲು ಇಬ್ಬರೂ ಹೊರಟರು. ಮನೆ ಊರಿನ ಅಂಚಿನಲ್ಲಿತ್ತು. ಟ್ಯಾಕ್ಸಿ ಗೇಟಿನ ಮುಂದೆ ನಿಂತಿತು. ಡ್ರೈವರಿಗೆ ಕಥೆಯೂ ಗೊತ್ತಿಲ್ಲ, ಕಾದಂಬರಿಯೂ ಗೊತ್ತಿಲ್ಲ, ಎಲ್ಲ ಡ್ರೈವರುಗಳೂ ಕೇಳುವುದನ್ನೇ ಅವನೂ ಕೇಳಿದ.

"ಕಾಯ್ಲಾ ಮೇಡಂ, ಹೋಗ್ಲಾ?"

ತಂಗಿ ಒಂದು ಗಳಿಗೆ ಗೇಟಿನ ಸರಳು ಹಿಡಿದು ನಿಂತಳು. "ಕಾಯ್ತಿರಿ," ಅಂದಳು.

ಅಕ್ಕನಿಗೆ ಕಣ್ಣು ತುಂಬಿ ಬಂತು. ಧೂಳು ಬಿದ್ದವಳ ಹಾಗೆ ಸೆರಗಿನಿಂದ ಒರೆಸಿಕೊಂಡಳು.

ಅವನು ನಗುತ್ತ ಎದುರುಗೊಂಡ. ಮನೆಯೆಲ್ಲ ಹೊಸ ಸುಣ್ಣದ ವಾಸನೆ. ಅಕ್ಕ ಹಜಾರದಲ್ಲಿ ಸ್ಟೂಲು ಹತ್ತಿ ಟೇಪು ಬಿಚ್ಚಿದಳು, ತಂಗಿ ಮೆಟ್ಟಿಲ ಕಡೆಗೆ ನಡೆದಳು. ಕಿಟಕಿಯಾಚೆ ಅವನು ಗೇಟಿಗೆ ಹೋಗುವುದು ಅಕ್ಕನಿಗೆ ಕಂಡಿತು. ಬಗ್ಗಿ ಡ್ರೈವರಿಗೆ ಏನೋ ಹೇಳಿದ, ಬಾಡಿಗೆ ಕೊಟ್ಟ, ಗಾಡಿಯ ತಲೆಯ ಮೇಲೆ ಎರಡು ಸಲ ತಟ್ಟಿದ. ಟ್ಯಾಕ್ಸಿ ತಿರುಗಿಕೊಂಡು ಹೋಯಿತು. ಅಕ್ಕನಿಗೆ ಕೂಗಿ ಹೇಳಬೇಕೆನ್ನಿಸಿತು, ನಾಲಿಗೆ ಕಚ್ಚಿಕೊಂಡಳು.

ಸದ್ದು ಕೇಳಿ ತಂಗಿ ಅರ್ಧ ಮೆಟ್ಟಿಲಲ್ಲೇ ತಿರುಗಿದಳು. "ಟ್ಯಾಕ್ಸಿ ಎಲ್ಲಿ?"

"ಕಳಿಸ್ಬಿಟ್ಟೆ," ಅಂದ ಅವನು ಒಳಗೆ ಬರುತ್ತ. "ನಿಂದೇ ಮನೆ, ಇನ್ನೆಲ್ಲಿಗೆ ಹೋಗ್ಬೇಕು ನೀನು? ಆಮೇಲೆ ನಾನೇ ಬಿಡ್ತೀನಿ."

"ನಾನು ಕಾಯ್ತಿರಿ ಅಂದಿದ್ದೆ ಅವರಿಗೆ."

"ಗೊತ್ತು," ಅಂದ ಅವನು, ಅದೇ ನಗು, ಅದೇ ಮೃದು ದನಿ.

ತಂಗಿ ಕೆಳಗಿಳಿದು ಬಂದಳು. ಕೈಗಡಿಯಾರ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಅಳತೆ ಬೇಡ ಅಕ್ಕ. ನಡಿ, ನಡ್ಕೊಂಡೇ ಹೋಗೋಣ."

"ಇಷ್ಟು ಸಣ್ಣ ವಿಷಯಕ್ಕಾ?" ಅವನು ನಿಜವಾಗಿ ದಂಗಾಗಿದ್ದ. ಸಣ್ಣ ವಿಷಯವೇ. ಅಕ್ಕ ಸ್ಟೂಲಿನಿಂದ ಇಳಿದು, ಟೇಪು ಸುತ್ತಿಕೊಂಡು, ತಂಗಿಯ ಹಿಂದೆ ಗೇಟು ದಾಟಿದಳು.

ದಾರಿ ಉದ್ದ, ಬಿಸಿಲು ಏರುತ್ತಿತ್ತು. ತಂಗಿ ಬಹಳ ದೂರ ಅಳುತ್ತಲೇ ನಡೆದಳು, ಅಕ್ಕ ಅವಳನ್ನು ಅಳಲು ಬಿಟ್ಟಳು. ಒಂದು ಮರದ ನೆರಳು ಬಂದಾಗ ತಂಗಿ ಮೂಗೊರೆಸಿಕೊಂಡು ಕೇಳಿದಳು.

"ಪುಸ್ತಕದ ಹುಡುಗಿ ಕಾಯ್ತಿರಿ ಅಂದಿದ್ರೆ ಮುಂದಿನ ನಾಲ್ಕು ಪುಸ್ತಕ ಏನಾಗ್ತಿತ್ತು?"

"ಇರ್ತಾನೇ ಇರ್ಲಿಲ್ಲ. ಕತ್ತಲಮ್ಮನ ಹೊಟ್ಟೆ ಮೇಲೆ ಹೊಡೆದ ಹಾಗಾಗ್ತಿತ್ತು."

"ಆದ್ರೂ ಆ ಗಂಡಸರು ಚೆನ್ನಾಗಿದಾರೆ ಅಕ್ಕ."

"ಹೂಂ ಮತ್ತೆ. ಪುಸ್ತಕ ಮುಚ್ಚಿದ್ರೆ ಒಳಗೇ ಇರ್ತಾರೆ."

ತಂಗಿ ಅಳು ಮೆತ್ತಿದ ಮುಖದಲ್ಲೇ ನಕ್ಕಳು. ಅಷ್ಟರಲ್ಲಿ ಫೋನು ಬಂತು. ಅವನು ಏನು ಕೇಳಿದ ಎಂದು ಅಕ್ಕನಿಗೆ ಕೇಳಿಸಬೇಕಾಗೇ ಇರಲಿಲ್ಲ.

"ದಾರೀಲಿದೀನಿ," ಎಂದು ಹೇಳಿ ತಂಗಿ ಫೋನು ಇಟ್ಟಳು. ಆಮೇಲೆ ಅಕ್ಕನ ಕೈಚೀಲ ತಾನೇ ಇಸಿದುಕೊಂಡು ಮುಂದೆ ನಡೆದಳು.