ನೂಲೆಳೆಯಷ್ಟು ಸಂದು

ಪರದೆಯ ಮೇಲೆ ಅಂಕಿ ಇಳಿಯುತ್ತಿದೆ, ಹನ್ನೊಂದು ಮೀಟರ್, ಹತ್ತು, ಪಕ್ಕದಲ್ಲಿ ಬಟ್ಟೆ ಒಗೆಯುವ ಯಂತ್ರ ಗಡಗಡ ನಡುಗುತ್ತಿದೆ, ನಡುಗಲಿ, ತನ್ನ ಕೈ ನಡುಗದಿದ್ದರೆ ಸಾಕು, ನಾಲ್ಕು ಗಂಟೆಗೆ ಮಗಳು ಈ ಕಂಪ್ಯೂಟರ್ ಒಯ್ಯಲು ಬರುತ್ತಾಳೆ, ಅಪ್ಪನ ಮನೆಗೆ, ಇನ್ಮೇಲೆ ಅಲ್ಲೇ ಇರ್ತೀನಮ್ಮ, ಶಾಲೆಗೂ ಹತ್ರ, ಅಂದಿದ್ದಳು ಗುಂಡಿ — ಎರಡು ವರ್ಷದವಳಿದ್ದಾಗ ಇವಳ ಹೊಲಿಗೆ ಡಬ್ಬಿಯಿಂದ ಅಂಗಿಯ ಗುಂಡಿ ನುಂಗಿದವಳು, ಅಂದಿನಿಂದ ಅದೇ ಹೆಸರು — ಹೂಂ, ಹತ್ರಾನೇ, ಅಂದಳು ಇವಳು, ಬೇರೇನು ಅನ್ನಬೇಕಿತ್ತು, ಒಂಬತ್ತು ಮೀಟರ್. ಈ ಆಟದಲ್ಲಿ ಇಬ್ಬರೂ ಸೇರಿ ಕಟ್ಟಿದ ಬಾಹ್ಯಾಕಾಶ ನೌಕೆ, ಅಲ್ಲಿ ಮೇಲೆ ಸುತ್ತುವ ನಿಲ್ದಾಣಕ್ಕೆ ಕೂಡಿಸುವುದೊಂದು ಬಾಕಿ, ಕಚ್ಚಿಕೊಳ್ಳಲು ಇದಕ್ಕೆ ಎರಡು ಬಾಯಿ, ಅದಕ್ಕೂ ಎರಡು, ಅವತ್ತೇ ಹೇಳಿದ್ದಳು ಗುಂಡಿ, ಅಮ್ಮಾ, ಎರಡೂ ಒಟ್ಟಿಗೇ ಕಚ್ಚಬೇಕು, ನೀನು ಟಿಚ್ ಬಟನ್ ಥರ ಒಂದಾದ್ಮೇಲೆ ಒಂದು ಒತ್ತಕ್ಕೆ ಹೋಗ್ಬೇಡ, ಒಂದು ಕಚ್ಕೊಂಡ್ರೆ ಇನ್ನೊಂದು ಈ ಜನ್ಮದಲ್ಲಿ ಸೇರಲ್ಲ. ಇಪ್ಪತ್ತು ವರ್ಷ ಹೊಲಿದ ಕೈ ಕಣೇ ಇದು. ಅದಕ್ಕೇ ಹೇಳ್ತಿರೋದು. ಎಷ್ಟು ನಕ್ಕಿದ್ದರು, ಇದೇ ಕುರ್ಚಿಯಲ್ಲಿ, ಅರ್ಧ ಅವಳು, ಅರ್ಧ ಇವಳು, ಈಗ ಕುರ್ಚಿ ಎಷ್ಟು ಅಗಲ. ಬೆಳಗಿನಿಂದ ಆರು ಸಲ, ಆರು ಸಲವೂ ಎಡಬಾಯಿ ಕಚ್ಚಿತು, ಬಲಬಾಯಿ ನೂಲೆಳೆಯಷ್ಟು ದೂರದಲ್ಲಿ ನಿಂತುಬಿಟ್ಟಿತು, ಬಿಡಿಸು, ಹಿಂದೆ ತಾ, ಮತ್ತೆ ಮೊದಲಿನಿಂದ, ನಾಲ್ಕು ಮೀಟರ್, ಈ ಸಲ ಕೂಡಿದರೆ ನೋಡು ಗುಂಡಿ ಅನ್ನಬಹುದು, ವೈರು ಕೀಳುವ ಮುಂಚೆ ಅವಳು ಹತ್ತು ನಿಮಿಷ ಕೂರಬಹುದು, ಈ ಅರ್ಧದಲ್ಲಿ. ಯಂತ್ರ ನಿಂತಿತು. ಒಳಗೆ ಅವಳ ಶಾಲೆಯ ಅಂಗಿ, ನಾಲ್ಕರೊಳಗೆ ಒಣಗುವುದಿಲ್ಲ, ಒಣಗದಿದ್ದರೆ ಅದಕ್ಕೆಂದೇ ಇನ್ನೊಮ್ಮೆ ಬರಬೇಕಾಗುತ್ತದೆ — ಛೆ, ಬೇಕಂತಲೇ ತಡವಾಗಿ ಹಾಕಿದೆನೇ — ಒಂದು ಮೀಟರ್, ಮೆಲ್ಲಗೆ, ಎರಡೂ ಸಮ ಇವೆ, ದೇವರೇ, ಸಮ ಇವೆ, ಆಗ ಕರೆಗಂಟೆ, ಬೆಚ್ಚಿದ ಬೆರಳು ಎಡಬದಿಯನ್ನೇ ಅದುಮಿಬಿಟ್ಟಿತು, ಮೊದಲು ಒಂದು, ಆಮೇಲೆ ಇನ್ನೊಂದು, ಇಪ್ಪತ್ತು ವರ್ಷದ ರೂಢಿ, ಟಕ್. ಅಮ್ಮಾ, ಬೇಗ ಬಾಗಿಲು ತೆಗಿ, ಕೆಳಗೆ ಅಪ್ಪ ಕಾರು ಆಫ್ ಮಾಡ್ದೆ ಕಾಯ್ತಿದಾರೆ. ಬಂದೆ ಕಂದ, ಒಂದೇ ನಿಮಿಷ. ಬಲಬಾಯಿ ಎದುರಿಗೇ ಇದೆ, ಒತ್ತಿದಳು, ಮತ್ತೆ ಒತ್ತಿದಳು, ಅಮ್ಮಾ, ಬಂದೆ, ನಡುವೆ ಸಂದು, ಸಂದಿನಲ್ಲಿ ಕಪ್ಪು, ನೂಲೆಳೆಯಷ್ಟು, ನೂಲೆಳೆಯಷ್ಟೇ