ಹೇಳಿ ಮುಗಿಸಿದ ಕಥೆ

ನಡೆಯುತ್ತಾ ನಡೆಯುತ್ತಾ ನಡುರಸ್ತೆಯಲ್ಲಿ ಗಕ್ಕನೆ ನಿಂತುಬಿಡುವುದು ಅವನ ಹುಟ್ಟುಗುಣ. ಹಿಂದೆ ಬರುವವರು ಡಿಕ್ಕಿ ಹೊಡೆದು ಶಪಿಸಿದರೂ, ತುಟಿಯಲ್ಲೇ ಅದೇನನ್ನೋ ಗುನುಗುತ್ತಾ, ಸರಿಯಾದ ಪದ ಸಿಕ್ಕಿದ ಮೇಲೆಯೇ ಮುಂದಿನ ಹೆಜ್ಜೆ. ಮೈಮೇಲೆ ಸದಾ ಅಪ್ಪನ ಹಳೆಯ ಕಂದು ಕೋಟು, ಹೆಗಲಿಗಿಂತ ಗೇಣು ಅಗಲ. ಕಣ್ಣಾಸ್ಪತ್ರೆಯಲ್ಲಿ ರೋಗಿಗಳ ಕಣ್ಣಿಗೆ ಔಷಧದ ಹನಿ ಹಾಕುವುದು ಅವನ ಉದ್ಯೋಗ, ಲೇಖಕನಾಗಬೇಕೆಂಬುದು ವ್ಯಸನ. ಅದೇ ಆಸ್ಪತ್ರೆಯ ಕಿಟಕಿಯಲ್ಲಿ ಚೀಟಿ ಕೊಡುತ್ತಿದ್ದ ನಾನೂ ಸೇರಿದಂತೆ ಎಲ್ಲರೂ ಅವನನ್ನು ‘ಕಾದಂಬರಿ’ ಎಂದೇ ಕರೆಯುತ್ತಿದ್ದೆವು. ಅವನ ಒಂದು ಸಾಲೂ ಎಲ್ಲೂ ಅಚ್ಚಾಗದಿದ್ದುದರಿಂದ ಆ ಹೆಸರಿನಲ್ಲಿ ಕೊಂಚ ಕ್ರೌರ್ಯವೂ ಇತ್ತು.

ಹನಿ ಬಿದ್ದ ಮೇಲೆ ರೋಗಿಗಳು ಕಣ್ಣು ಮುಚ್ಚಿ ಬೆಂಚಿನ ಮೇಲೆ ಕೂತಿರಬೇಕು. ಎದ್ದು ಹೋಗುವಂತಿಲ್ಲ, ಪೇಪರು ಓದುವಂತಿಲ್ಲ. ಇಂಥ ಶ್ರೋತೃಗಳು ಯಾವ ಮಹಾಕವಿಗೆ ಸಿಕ್ಕಾರು! ಕಾದಂಬರಿ ಅವರ ನಡುವೆ ಸುಳಿದಾಡುತ್ತಾ ಕಥೆ ಹೇಳುತ್ತಿದ್ದ. ಹಾಗೆ ಕೇಳಿ ಮರುಳಾದ ಪತ್ರಿಕೆಯೊಂದರ ಸಂಪಾದಕರು, “ಶನಿವಾರದೊಳಗೆ ಒಂದು ಬರೆದು ತನ್ನಿ, ವಿಶೇಷಾಂಕಕ್ಕೆ ಹಾಕೋಣ” ಎಂದುಬಿಟ್ಟರು.

ಯಾರಿಗೂ ಹೇಳದೆ ಕಾಪಾಡಿಕೊಂಡು ಬಂದ ಕಥೆಯೊಂದು ಅವನಲ್ಲಿತ್ತು. ಅಪ್ಪ ಮನೆ ಬಿಟ್ಟು ಹೋದ ಮೇಲೆ ಅಮ್ಮ ವಾರಕ್ಕೊಮ್ಮೆ ಆ ಕೋಟನ್ನು ಬಿಸಿಲಿಗೆ ಹರವಿ, ಒಗೆದ ಕರವಸ್ತ್ರವೊಂದನ್ನು ಮಡಿಸಿ ಜೇಬಿನಲ್ಲಿಡುತ್ತಿದ್ದಳು. ಯಾಕಮ್ಮಾ ಎಂದರೆ, “ಬಂದ್ರೆ ಅಳ್ತಾರೆ ಕಣೋ, ಒರೆಸ್ಕೊಳ್ಳೋಕೆ ಬೇಕಲ್ಲ” ಎನ್ನುವಳು. ಅಪ್ಪ ಬರಲಿಲ್ಲ. ಕೊನೆಗೆ ಅಮ್ಮನೂ ಕಣ್ಣು ಮುಚ್ಚಿದಳು. ಅವಳು ಕಡೆಯ ಸಲ ಇಟ್ಟ ಕರವಸ್ತ್ರ ಮಡಿಕೆ ಬಿಚ್ಚದೆ ಆ ಜೇಬಿನಲ್ಲೇ ಉಳಿಯಿತು. ಬರೆಯಲೇ ಎಂದು ಅಕ್ಕನನ್ನು ಕೇಳಿದ. “ಬರಿ, ಬೇಡ ಅನ್ನಲ್ಲ. ಆದ್ರೆ ಕಂಡಕಂಡೋರ ಹತ್ರ ಬಾಯಿಬಿಟ್ಟು ಅಮ್ಮನ್ನ ಬೀದಿಗೆ ತರ್ಬೇಡ” ಎಂದಳು ಅಕ್ಕ. ಅವನು ಮಾತು ಕೊಟ್ಟ.

ಸೋಮವಾರ, ಆರಂಭ ಸರಿಯಿದೆಯೇ ನೋಡೋಣವೆಂದು, ಒಬ್ಬ ಮುದುಕಿಗೆ ಬರೀ ಆರಂಭವನ್ನು ಹೇಳಿದ. ಆಕೆ ಬಿಡಲಿಲ್ಲ, ಅವನೂ ನಿಲ್ಲಿಸಲಿಲ್ಲ. ಮುಚ್ಚಿದ ರೆಪ್ಪೆಗಳಡಿಯಿಂದ ಔಷಧದ ಜೊತೆಗೆ ಕಣ್ಣೀರೂ ಇಳಿಯಿತು. ಸಂಜೆ ಕಾಗದದ ಮುಂದೆ ಕೂತರೆ ಮನಸ್ಸು ಉಂಡ ತಟ್ಟೆಯ ಹಾಗೆ ಬರಿದು. ಇನ್ನೊಮ್ಮೆ ಹೇಳಿದರೆ ದಾರಿ ತೆರೆದೀತೆಂದು ಮಾರನೆಯ ದಿನ ಒಬ್ಬ ಮೇಷ್ಟರಿಗೆ, ಆಮೇಲೆ ದಾದಿಯರಿಗೆ, ಗುರುವಾರವಂತೂ ಇಡೀ ಬೆಂಚಿಗೆ ಹೇಳಿದ. ಕಥೆ ದಿನದಿನಕ್ಕೆ ಅದ್ಭುತವಾಗುತ್ತಾ ಹೋಯಿತು, ಕಾಗದ ಹಾಗೇ ಉಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾನೇ ನೆನಪಿಸಿದೆ. “ಇದೇ ಕೊನೆ ಸಲ” ಎಂದ.

ಶನಿವಾರ, ಸಂಪಾದಕರ ಬಳಿ ಇನ್ನೊಂದು ವಾರ ಬೇಡುವ ಮುನ್ನ ಮುಖವಾದರೂ ನೆಟ್ಟಗಿರಲೆಂದು ಕ್ಷೌರದಂಗಡಿಗೆ ಹೋದ. ನಾನು ಬೆಂಚಿನಲ್ಲಿ ಸರದಿಗಾಗಿ ಕಾಯುತ್ತಿದ್ದೆ. ಕ್ಷೌರಿಕ ಅವನ ಕೆನ್ನೆಗೆ ನೊರೆ ಹಚ್ಚುತ್ತಾ ಬಾಯಿ ತೆಗೆದ:

“ವಿಷ್ಯ ಕೇಳಿದ್ರಾ ಸಾರ್? ನಮ್ಮತ್ತೆ ಹೇಳಿದ್ರು. ಯಾರೋ ಒಬ್ಬಳು, ಗಂಡ ಬಿಟ್ಟೋದ್ರೂ ಅವನ ಕೋಟಿನ ಜೇಬಿಗೆ ವಾರಾ ವಾರಾ ಕರ್ಚೀಫು ಇಡ್ತಿದ್ಲಂತೆ.”

ಕಾದಂಬರಿ ಕನ್ನಡಿಯಲ್ಲೇ ಅವನ ಮುಖ ನೋಡಿದ. “ಆಮೇಲೆ?” ಎಂದ.

“ಆಮೇಲೇನು, ಗಂಡ ವಾಪಸ್ ಬಂದ. ಅದೇ ಕರ್ಚೀಫಲ್ಲಿ ಅವಳ ಕಣ್ಣೊರೆಸಿದ. ನೀವು ಬರೀತೀರಂತಲ್ಲ, ಇಂಥದ್ದು ಬರೀರಿ ಸಾರ್.”

ಅವನ ಕೈ ಕೋಟಿನ ಜೇಬಿಗೆ ಹೋಯಿತು. ಕರವಸ್ತ್ರ ಹೊರಬಂತು, ಮಡಿಕೆಗಳು ಬಿಚ್ಚಿದವು. ಅದರಲ್ಲಿ ಮುಖ ಹುದುಗಿಸಿದ.

“ಅಯ್ಯೋ, ಕಣ್ಣಿಗೆ ಸೋಪು ಹೋಯ್ತಾ?”

“ಹೂಂ” ಎಂದ.

ಹೊರಗೆ ಬಂದವನು ರಸ್ತೆಯ ನಡುವೆ ನಿಂತ; ಸರದಿ ಬಿಟ್ಟು ನಾನೂ ಹಿಂದೆಯೇ ಬಂದೆ. ಈ ಸಲ ತುಟಿ ಅಲುಗುತ್ತಿರಲಿಲ್ಲ. “ಅಕ್ಕಂಗೆ ಏನಂತ ಹೇಳ್ಲೋ?” ಎಂದಷ್ಟೇ ನನ್ನನ್ನು ಕೇಳಿ, ಸಂಪಾದಕರ ಬೀದಿಗೆ ತಿರುಗದೆ ಆಸ್ಪತ್ರೆಯ ಕಡೆ ನಡೆದ.

ಇಂಥವರಿಗೆ ಪ್ರತಿಭೆಯ ಬರವಿಲ್ಲ. ಎದುರಿಗಿದ್ದವರು ಈಗಲೇ, ಇಲ್ಲೇ ತಲೆದೂಗಬೇಕೆಂಬ ಹಸಿವು ಮಾತ್ರ ಅವರನ್ನು ಕಾಯಲು ಬಿಡುವುದಿಲ್ಲ. ಅವರ ಕಥೆಗಳು ಅಂಗಡಿಗಳಲ್ಲಿ, ಬೆಂಚುಗಳ ಮೇಲೆ, ಕರ್ತೃವಿನ ಹೆಸರಿಲ್ಲದೆ, ಯಾರೋ ಹಚ್ಚಿದ ಸುಖಾಂತಗಳನ್ನು ಹೊತ್ತು ಅಲೆಯುತ್ತಿರುತ್ತವೆ. ನಾವು ಕೇಳಿ ನಿಟ್ಟುಸಿರಿಟ್ಟು, ಯಾರ ಮನೆಯದೆಂದು ವಿಚಾರಿಸದೆ, ಮುಂದಿನವರಿಗೆ ದಾಟಿಸುತ್ತೇವೆ.